ಬೀಸುವ ಕೈಗಿಂತ ನಿಂತ ಕಾಲು

ಗಾಲ್ಫ್ ಆಟದ ಪ್ರಸ್ತಾಪ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬರುವುದು ಬಹುಮಟ್ಟಿಗೆ ಎರಡೇ ಸಂದರ್ಭಗಳಲ್ಲಿ: ನಮ್ಮವರಲ್ಲಿ ಯಾರಾದರೊಬ್ಬರು ದೊಡ್ಡ ಪಂದ್ಯವೊಂದರಲ್ಲಿ ಪದಕದ ಸಮೀಪಕ್ಕೆ ಹೋದಾಗ, ಇಲ್ಲವೇ ಯಾವುದಾದರೊಂದು ಮೈದಾನದ ಭೂಮಿಯ ವಿಚಾರವಾಗಿ ತಕರಾರು ಎದ್ದಾಗ. ಆ ಆಟದ ಪ್ರಾಣವಾದ ಸ್ವಿಂಗ್, ಎಂದರೆ ದಂಡವನ್ನು ಹಿಂದಕ್ಕೆ ಎತ್ತಿ ಮುಂದಕ್ಕೆ ಬೀಸುವ, ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುವ ಆ ಕ್ರಿಯೆ, ಸಾಮಾನ್ಯ ಓದುಗನ ಗಮನಕ್ಕೆ ಯೋಗ್ಯವಾದದ್ದೆಂದು ಯಾರೂ ಭಾವಿಸಿದಂತಿಲ್ಲ. ಸಿರಿವಂತರ ವಿನೋದವೆಂಬ ಮುದ್ರೆ ಅದರ ಮೇಲೆ ಬಿದ್ದಿರುವುದೇ ಇದಕ್ಕೆ ಕಾರಣವಿರಬಹುದು; ಆದರೆ ಒಂದು ವಿದ್ಯೆಯನ್ನು ಅಭ್ಯಾಸ ಮಾಡುವವರು ಯಾರೆಂಬುದರಿಂದ ಆ ವಿದ್ಯೆಯ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಈಗ ಆ ದಂಡ ನಮ್ಮ ಗಡಿನಾಡಿನ ಗದ್ದೆಬಯಲಿಗೂ ಬಂದು ತಲುಪಿರುವುದರಿಂದ, ಅದನ್ನು ಬೀಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದು.

ನೂಲ್ಪುಳವು ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿ ತಾಲ್ಲೂಕಿನ ಅಂಚಿನ ಪಂಚಾಯಿತಿ. ಇದಕ್ಕೆ ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ತಮಿಳುನಾಡು. ಮಧ್ಯೆ ಮುತ್ತಂಗದ ಅರಣ್ಯ. ಕೋಳಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಇಲ್ಲಿ ಹಾದು ಬಂಡೀಪುರದ ಕಾಡಿಗೆ ಹೊಗುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ಕಾಡುದಾರಿ ವಾಹನಗಳಿಗೆ ಮುಚ್ಚಿರುವುದರಿಂದ, ಇಲ್ಲಿನವರು ಮೈಸೂರಿನ ಕೆಲಸವನ್ನೆಲ್ಲ ಆ ಗೇಟಿನ ಗಡಿಯಾರಕ್ಕೆ ಸರಿಯಾಗಿ ಹೊಂದಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಮುಳ್ಳುಕುರುಮರು, ಪಣಿಯರು, ಕನ್ನಡಕ್ಕೆ ಬಹು ಸಮೀಪದ ನುಡಿಯನ್ನಾಡುವ ಕಾಟ್ಟುನಾಯ್ಕರು ಮೊದಲಾದವರ ನೆಲೆ ಇದು. ಇಲ್ಲಿ ಗಾಲ್ಫ್ ಮೈದಾನವಿಲ್ಲ. ಆಡಲೇಬೇಕೆಂಬ ಹಟವುಳ್ಳವನು ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಕುದುರೆ ಪಂದ್ಯದ ಬಯಲಿಗೆ ಸೇರಿದಂತಿರುವ ಜಯಚಾಮರಾಜೇಂದ್ರ ಒಡೆಯರ್ ಗಾಲ್ಫ್ ಕ್ಲಬ್ಬನ್ನು ಕಾಣಬೇಕು. ಇಲ್ಲವೇ ಗೂಡಲೂರಿನ ಮೇಲೆ ಘಟ್ಟ ಹತ್ತಿ ಉದಕಮಂಡಲದ ಜಿಮ್‌ಖಾನಾ ಮೈದಾನಕ್ಕೋ, ಕೊಡಗಿನ ಬಿಟ್ಟಂಗಾಲಕ್ಕೋ ಹೋಗಬೇಕು. ಕೇರಳದ ಸ್ವಂತ ಮೈದಾನಗಳಾದ ತಿರುವನಂತಪುರದ ಕವಡಿಯಾರ್, ಕೊಚ್ಚಿಯ ನೆಡುಂಬಾಶ್ಶೇರಿಗಳು ಇವೆಲ್ಲಕ್ಕಿಂತ ದೂರ.

ಹೀಗಿದ್ದರೂ ದಂಡ ಇಲ್ಲಿಗೆ ಬಂದದ್ದು ಬೆಂಗಳೂರಿನ ಕಂಪನಿಗಳಿಗೆ ಮನೆಯಿಂದಲೇ ದುಡಿಯುವ ತರುಣರ ಸಾಮಾನಿನೊಡನೆ. ಕೊಯ್ಲು ಮುಗಿದು ಗದ್ದೆಯ ಕೂಳೆ ಒಣಗಿ ನೆಲ ಗಟ್ಟಿಯಾಗುವ ಜನವರಿಯ ಸಂಜೆಗಳಲ್ಲಿ, ಮಕ್ಕಳು ಕಾಲ್ಚೆಂಡಾಡುವ ಬಯಲಿನ ಒಂದು ಮೂಲೆಯಲ್ಲಿ, ನನ್ನ ನೆರೆಯ ತರುಣನೊಬ್ಬ ಹಳೆಯ ಚೆಂಡುಗಳ ಬುಟ್ಟಿಯೊಂದನ್ನು ಇಟ್ಟುಕೊಂಡು ದಂಡ ಬೀಸುವುದನ್ನು ನಾನು ಬೇಲಿಯ ಈಚೆಯಿಂದ ನೋಡುವುದುಂಟು. ನಾನು ಮೈಸೂರಿನಲ್ಲಿದ್ದ ಕಾಲದಲ್ಲಿ ಈ ಆಟವನ್ನು ಬಹಳವಾಗಿ ನೋಡಿ, ಅಲ್ಪವಾಗಿ ಆಡಿದವನೆಂಬ ಸುದ್ದಿ ಅವನ ಕಿವಿಗೆ ಬಿದ್ದಿದ್ದರಿಂದ, “ಮೇಷ್ಟ್ರೇ, ಎಷ್ಟು ಜೋರಾಗಿ ಹೊಡೆದರೂ ದೂರಾನೇ ಬರ್ತಿಲ್ಲ ನೋಡಿ” ಎಂದು ಅವನು ಒಂದು ದಿನ ದೂರಿಕೊಂಡ. ಆ ವಾಕ್ಯದಲ್ಲಿಯೇ ರೋಗವೂ ಇತ್ತು, ನಿದಾನವೂ ಇತ್ತು.

ಅವನ ಹೊಡೆತದ ಚಿತ್ರ ಹೀಗೆ. ದಂಡವನ್ನು ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿಯುತ್ತಾನೆ, ದವಡೆ ಕಚ್ಚಿಕೊಳ್ಳುತ್ತದೆ, ಎತ್ತುವಾಗಲೇ ಅವಸರ, ಇಳಿಸುವಾಗ ಬಲಭುಜವೇ ಮೊದಲು ಮುನ್ನುಗ್ಗಿ, ದಂಡದ ತಲೆ ಹೊರಗಿನಿಂದ ಒಳಕ್ಕೆ ಅಡ್ಡಲಾಗಿ ಕುಯ್ದುಕೊಂಡು ಬರುತ್ತದೆ. ಚೆಂಡು ಎಡಕ್ಕೆ ಹೊರಟಂತೆ ತೋರಿ, ಗಾಳಿಯಲ್ಲಿ ಬಲಕ್ಕೆ ಬಾಗಿ, ಪಕ್ಕದ ಅಡಕೆ ತೋಟಕ್ಕೆ ಬೀಳುತ್ತದೆ. ಇದನ್ನು ಆಟಗಾರರು ಸ್ಲೈಸ್ ಎನ್ನುತ್ತಾರೆ. ಜಗತ್ತಿನ ಹವ್ಯಾಸಿ ಆಟಗಾರರಲ್ಲಿ ಇದನ್ನು ಅನುಭವಿಸದವರು ವಿರಳ. ಇದರ ವಿನೋದವೇನೆಂದರೆ, ಚೆಂಡು ಬಲಕ್ಕೆ ಹೋಗುವುದನ್ನು ಕಂಡವನು ಅದನ್ನು ತಡೆಯುವುದಕ್ಕೋಸ್ಕರ ಇನ್ನಷ್ಟು ಎಡಕ್ಕೆ ಬೀಸುತ್ತಾನೆ. ಎಡಕ್ಕೆ ಬೀಸಿದಷ್ಟೂ ಬೀಸಿನ ದಾರಿಗೂ ದಂಡದ ಮುಖಕ್ಕೂ ಇರುವ ಅಂತರ ಹೆಚ್ಚುತ್ತದೆ. ಅಂತರ ಹೆಚ್ಚಿದಷ್ಟೂ ಚೆಂಡು ಬಲಕ್ಕೆ ಬಾಗುತ್ತದೆ. ಮದ್ದೇ ರೋಗವನ್ನು ಬೆಳೆಸುವ ಈ ಪರಿಸ್ಥಿತಿಯಲ್ಲಿ ಬಲವನ್ನು ಹೆಚ್ಚಿಸುವುದೆಂದರೆ ಚೆಂಡನ್ನು ತೋಟದ ಇನ್ನೂ ಒಳಕ್ಕೆ ಕಳುಹಿಸುವುದೆಂದೇ ಅರ್ಥ.

ಈ ವಿದ್ಯೆಯ ಭೌತಶಾಸ್ತ್ರ ಬಲ್ಲವರು ಹೇಳುವ ಸಂಗತಿಗಳು ಸ್ವಾರಸ್ಯವಾಗಿವೆ. ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಮನ್ನು ಮೀರುವಂತಿಲ್ಲ. ದಂಡದ ತಲೆಗೂ ಚೆಂಡಿಗೂ ಸಂಸರ್ಗವಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ ಕಾಲ. ಅಷ್ಟರೊಳಗೆ ಅವೆರಡೂ ಜೊತೆಯಾಗಿ ಸಾಗುವ ದೂರ ಎರಡು ಸೆಂಟಿಮೀಟರಿನಷ್ಟು ಮಾತ್ರ. ಚೆಂಡು ತಗುಲಿದ ಅನುಭವ ಕೈಗೆ ತಿಳಿಯುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಆದುದರಿಂದ ಆ ಕ್ಷಣದಲ್ಲಿ ಏನನ್ನಾದರೂ ತಿದ್ದಿಕೊಳ್ಳುವೆನೆಂಬುದು ಭ್ರಮೆ. ತಿದ್ದಬೇಕಾದದ್ದೆಲ್ಲ ಅದಕ್ಕೆ ಮುಂಚೆಯೇ, ಬಹುಪಾಲು ದಂಡ ಅಲುಗುವುದಕ್ಕೆ ಮುಂಚೆಯೇ, ತಿದ್ದಿರಬೇಕು. ಹಿಡಿತ, ನಿಲುವು, ಚೆಂಡಿನ ಸ್ಥಾನ, ಗುರಿಯ ನೇರ, ಈ ನಾಲ್ಕು ಸ್ಥಿರವಸ್ತುಗಳಲ್ಲಿ ಅರ್ಧ ಸ್ವಿಂಗ್ ಅಡಗಿದೆ. ಬಲಗೈಯವನು ದಂಡ ಹಿಡಿದು ಕೆಳಗೆ ನೋಡಿದಾಗ ಎಡಗೈಯ ಎರಡು ಮೂರು ಗೆಣ್ಣುಗಳು ಕಾಣಬೇಕು. ಒಂದೇ ಕಂಡರೆ, ಅಥವಾ ಒಂದೂ ಕಾಣದಿದ್ದರೆ, ದಂಡದ ಮುಖ ತೆರೆದುಕೊಂಡು ಬರುವುದು ಬಹುತೇಕ ನಿಶ್ಚಿತ. ನನ್ನ ನೆರೆಯವನಿಗೆ ಕಾಣುತ್ತಿದ್ದದ್ದು ಒಂದೇ.

1968ರಲ್ಲಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬಿಬ್ಬರು ಬ್ರಿಟನ್ನಿನಲ್ಲಿ ಪ್ರಕಟಿಸಿದ ಗ್ರಂಥವೊಂದು ಈ ಚಲನೆಯನ್ನು ಎರಡು ಕೀಲುಗಳ ಲೋಲಕವಾಗಿ ವಿವೇಚಿಸಿತು: ಮೇಲಿನ ಕೀಲು ಎದೆಯ ಮೇಲ್ಭಾಗದಲ್ಲಿ, ಕೆಳಗಿನದು ಮಣಿಕಟ್ಟಿನಲ್ಲಿ. ಮೇಲಿನ ತೋಳು ತನ್ನ ವೇಗವನ್ನು ಕಳೆದುಕೊಳ್ಳುತ್ತ ಅದನ್ನು ಕೆಳಗಿನದಕ್ಕೆ ದಾಟಿಸಿಕೊಟ್ಟಾಗ ದಂಡದ ತಲೆ ವೇಗವನ್ನು ಪಡೆಯುತ್ತದೆ. ನೆಲವನ್ನು ಒತ್ತುವ ಪಾದದಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ, ಎದೆಯಿಂದ ತೋಳಿಗೆ, ತೋಳಿನಿಂದ ದಂಡಕ್ಕೆ ಶಕ್ತಿ ಹೀಗೆ ಕೈ ಬದಲಾಯಿಸುತ್ತ ಹೋಗುವುದೆಂಬುದು ಆನಂತರದ ಅಳತೆಗಳಲ್ಲಿಯೂ ಸ್ಥಿರಪಟ್ಟಿದೆ. ಮಣಿಕಟ್ಟನ್ನು ಬಿಗಿ ಹಿಡಿದವನು ಈ ಹಸ್ತಾಂತರದ ಕಡೆಯ ಬಾಗಿಲನ್ನೇ ಮುಚ್ಚಿಬಿಡುತ್ತಾನೆ. ಜೋರು ಹೆಚ್ಚಿದಾಗ ವೇಗ ಕಡಿಮೆಯಾಗುವುದೆಂಬ, ಕೇಳಿದೊಡನೆ ನಂಬಲಾಗದ ಮಾತಿನ ರಹಸ್ಯ ಇಷ್ಟೇ. ಕಾಲಮಾನದ ವಿಷಯವೂ ಹೀಗೆಯೇ: ವೃತ್ತಿಪರ ಆಟಗಾರರ ಸ್ವಿಂಗ್‌ಗಳನ್ನು ಚಲನಚಿತ್ರದ ಚೌಕಟ್ಟುಗಳಲ್ಲಿ ಎಣಿಸಿದ ಜಾನ್ ನೊವೊಸೆಲ್, ದಂಡವನ್ನು ಎತ್ತುವುದಕ್ಕೆ ಹಿಡಿಯುವ ಕಾಲಕ್ಕೂ ಇಳಿಸಿ ಚೆಂಡನ್ನು ತಲುಪುವ ಕಾಲಕ್ಕೂ ಇರುವ ಪ್ರಮಾಣ ಸುಮಾರಾಗಿ 3ಕ್ಕೆ 1 ಎಂಬುದನ್ನು ಗುರುತಿಸಿದರು. ಶೀಘ್ರಗತಿಯವರಲ್ಲಿಯೂ ಮಂದಗತಿಯವರಲ್ಲಿಯೂ ಪ್ರಮಾಣ ಒಂದೇ. ನಮ್ಮವನು ಎತ್ತುವುದೂ ಇಳಿಸುವುದೂ ಸಮಸಮ.

ಇಲ್ಲಿ ಒಂದು ಜನಪ್ರಿಯ ಉಪದೇಶದ ಮೇಲೆ ನನಗಿರುವ ಕೋಪವನ್ನು ತೋಡಿಕೊಳ್ಳಬೇಕು. ಚೆಂಡು ಮೇಲೇಳದೆ ನೆಲದ ಮೇಲೆ ಉರುಳಿತೆಂದರೆ ಸುತ್ತ ನಿಂತ ಸಮಸ್ತರೂ ಒಕ್ಕೊರಲಿನಿಂದ “ತಲೆ ಎತ್ತಿಬಿಟ್ಟಿರಿ” ಎನ್ನುತ್ತಾರೆ. ಪಾಪ, ಆ ಮನುಷ್ಯ ತಲೆಯನ್ನು ಎತ್ತಿರುವುದೇ ಇಲ್ಲ. ಮುಂದಿನ ಬಾರಿ ಗಲ್ಲವನ್ನು ಎದೆಗೆ ಒತ್ತಿಕೊಂಡು, ಭುಜ ತಿರುಗುವುದಕ್ಕೇ ಎಡೆಯಿಲ್ಲದಂತೆ ಮಾಡಿಕೊಂಡು, ಇನ್ನೂ ಕೆಟ್ಟದಾಗಿ ಹೊಡೆಯುತ್ತಾನೆ. ಚೆಂಡಿನ ನೆತ್ತಿಗೆ ದಂಡ ತಗುಲುವುದಕ್ಕೆ ಸಾಮಾನ್ಯವಾದ ಕಾರಣಗಳು ಬೇರೆ: ಸೊಂಟದಲ್ಲಿ ಬಾಗಿದ್ದ ದೇಹ ಹೊಡೆಯುವ ಹೊತ್ತಿಗೆ ನೆಟ್ಟಗಾಗುವುದು, ಮತ್ತು ದಂಡ ತನ್ನ ವೃತ್ತದ ಅತ್ಯಂತ ಕೆಳಗಿನ ಬಿಂದುವನ್ನು ಚೆಂಡಿಗಿಂತ ಹಿಂದೆಯೇ ಮುಟ್ಟಿ ಮೇಲೇಳತೊಡಗುವುದು. ಐರನ್ ದಂಡದಿಂದ ನೆಲದ ಮೇಲಿನ ಚೆಂಡನ್ನು ಹೊಡೆಯುವಾಗ ಆ ಬಿಂದು ಚೆಂಡಿನ ಮುಂದೆ ಇರಬೇಕು. ಮೊದಲು ಚೆಂಡು, ಆಮೇಲೆ ನೆಲ. ಚೆಂಡನ್ನು ಎತ್ತಿಕೊಡುವ ಕೆಲಸ ದಂಡದ ಮುಖದ ಓರೆಯದು. ಆಟಗಾರ ಅದಕ್ಕೆ ನೆರವಾಗಹೋದರೆ ಕೆಲಸ ಕೆಡುತ್ತದೆ.

ಇದನ್ನು ಕಲಿಯುವುದಕ್ಕೆ ಚೆಂಡೇ ಬೇಕಿಲ್ಲ. ರಂಗೋಲಿಪುಡಿಯಿಂದಲೋ ಸುಣ್ಣದಿಂದಲೋ ನೆಲದ ಮೇಲೆ ಒಂದು ನೇರ ಗೆರೆಯನ್ನೆಳೆದು, ಅದನ್ನು ಎರಡು ಪಾದಗಳ ನಡುವೆ ಬರುವಂತೆ ಇಟ್ಟುಕೊಂಡು ನಿಂತು, ಅರ್ಧದಷ್ಟೇ ಎತ್ತಿದ ದಂಡದಿಂದ ಗೆರೆಯನ್ನೂ ಗೆರೆಯ ಮುಂದಿನ ನೆಲವನ್ನೂ ಸವರುತ್ತ ಹೋದರೆ ಸಾಕು. ದಂಡ ಎಲ್ಲಿ ನೆಲವನ್ನು ಮುಟ್ಟಿತೆಂಬುದಕ್ಕೆ ಪುಡಿಯೂ ಮಣ್ಣೂ ಸಾಕ್ಷಿ. ಅಲ್ಲಿ ವಾದಕ್ಕೆ ಅವಕಾಶವಿಲ್ಲ. ನೆರೆಯ ತರುಣ ಮನೆಯಿಂದ ರಂಗೋಲಿಯ ಡಬ್ಬಿಯನ್ನು ತಂದು ಮೊದಲ ಸಲ ಸವರಿದಾಗ ಮಣ್ಣೆದ್ದದ್ದು ಗೆರೆಗಿಂತ ಒಂದು ಗೇಣು ಹಿಂದೆ. ಅವನ ಭಾರವೆಲ್ಲ ಬಲಗಾಲಿನ ಮೇಲೆಯೇ ಉಳಿದಿತ್ತು. ಎಡಗಾಲಿನ ಮೇಲೆ ಭಾರವನ್ನಿಟ್ಟು, ಮೆಲ್ಲಗೆ, ಮಾತನಾಡುತ್ತಲೇ ಬೀಸುವಂತೆ ಹೇಳಿದ ಮೇಲೆ ಮಣ್ಣೇಳುವ ಜಾಗ ಬೆರಳು ಬೆರಳಾಗಿ ಮುಂದಕ್ಕೆ ಸರಿಯಿತು. ಕತ್ತಲಾಗುವವರೆಗೂ ಅವನು ಒಂದು ಚೆಂಡನ್ನೂ ಹೊಡೆಯಲಿಲ್ಲವೆಂಬುದು ಅವನ ಮನೆಯವರಿಗೆ ಬಹಳ ವಿಚಿತ್ರವಾಗಿ ಕಂಡಿತಂತೆ.

ದೂರದ ಮೋಹವನ್ನು ಕುರಿತು ಮಾತನಾಡುವಾಗ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯದಿರುವುದು ಸಾಧ್ಯವಿಲ್ಲ. ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳದಲ್ಲಿ ಐದನೆಯ ವಯಸ್ಸಿನಲ್ಲಿ ದಂಡ ಹಿಡಿದ ಆಕೆ, 2016ರಲ್ಲಿ ಹದಿನೆಂಟರ ಹರೆಯದಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಆಡಿ, ಅದೇ ವರ್ಷ ಭಾರತದ ಮಹಿಳಾ ಓಪನ್ನನ್ನೂ ಗೆದ್ದರು. ಟೋಕಿಯೋ ಒಲಿಂಪಿಕ್ಸಿನ ಕಡೆಯ ಸುತ್ತು ನಡೆದ 2021ರ ಆಗಸ್ಟ್ 7ರ ಬೆಳಿಗ್ಗೆ, ಗಾಲ್ಫ್ ಎಂದರೆ ಏನೆಂದು ತಿಳಿಯದವರೂ ದೂರದರ್ಶನದ ಮುಂದೆ ಕುಳಿತಿದ್ದರು. ಪಂದ್ಯಕ್ಕೆ ಕೆಲವು ತಿಂಗಳ ಹಿಂದೆ ಕೋವಿಡ್ ಬಾಧೆಗೊಳಗಾಗಿ ಆಕೆಯ ಹೊಡೆತದ ದೂರ ಕುಗ್ಗಿತ್ತು. ಡ್ರೈವರ್ ಹೊಡೆತದ ದೂರದಲ್ಲಿ ಆಕೆ ಆ ಸ್ಪರ್ಧಿಗಳ ಪಟ್ಟಿಯ ಬಾಲದಲ್ಲಿದ್ದರು. ಆದರೂ ನಾಲ್ಕು ಸುತ್ತುಗಳಲ್ಲಿ ಪಾರ್‌ಗಿಂತ 15 ಹೊಡೆತ ಕಡಿಮೆ ಮಾಡಿ, ಕಂಚಿನ ಪದಕ ಪಡೆದ ಲಿಡಿಯಾ ಕೋ ಅವರಿಗಿಂತ ಒಂದೇ ಹೊಡೆತ ಹಿಂದೆ ಬಿದ್ದು, ನಾಲ್ಕನೆಯವರಾದರು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಅವರಿಗೂ ಆಕೆಗೂ ಇದ್ದ ಅಂತರ ಎರಡು ಹೊಡೆತ. ಗ್ರೀನಿನ ಮೇಲೆ ಪಟರ್ ಹಿಡಿದ ಆಕೆಯ ಕೈಯನ್ನು ಮೀರಿಸುವವರು ಅಲ್ಲಿರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ಇದಕ್ಕೆ ಇನ್ನೊಂದು ಪಕ್ಷವೂ ಉಂಟು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅವರು ವೃತ್ತಿಪರರ ಅಸಂಖ್ಯ ಹೊಡೆತಗಳನ್ನು ಲೆಕ್ಕಹಾಕಿ, ಒಬ್ಬನಿಂದೊಬ್ಬನನ್ನು ಬೇರ್ಪಡಿಸುವುದರಲ್ಲಿ ಪಟ್‌ಗಿಂತ ದೂರದ ಹೊಡೆತಗಳ ಪಾಲೇ ದೊಡ್ಡದೆಂದು 2014ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಅದಿತಿಯವರೂ ಟೋಕಿಯೋದ ತರುವಾಯ ದೂರವನ್ನು ಹೆಚ್ಚಿಸಿಕೊಳ್ಳುವುದಕ್ಕೆ ಶ್ರಮಿಸಿದರು. 2023ರಲ್ಲಿ ಅವರ ಆಟ ಏರಿದ್ದಕ್ಕೆ ಅದೂ ಒಂದು ಕಾರಣ. ಇದನ್ನು ನಾನು ಅಲ್ಲಗಳೆಯಲಾರೆ. ನಾನು ಹೇಳುವುದು ಇಷ್ಟು: ದಿನಕ್ಕೆ ನೂರಾರು ಚೆಂಡುಗಳನ್ನು ದಂಡದ ಮುಖದ ನಡುಮಧ್ಯಕ್ಕೆ ತಂದುಕೊಳ್ಳಬಲ್ಲವರಿಗೆ ವೇಗ ಮುಂದಿನ ಪಾಠ, ಮಧ್ಯವನ್ನೇ ಇನ್ನೂ ಕಾಣದವರಿಗೆ ಅದು ಪಾಠವೇ ಅಲ್ಲ. ಬೆರಳಗಲ ಪಕ್ಕಕ್ಕೆ ತಗುಲಿದ ಜೋರಿನ ಹೊಡೆತಕ್ಕಿಂತ ನಡುವಿಗೆ ತಗುಲಿದ ಮೆದು ಹೊಡೆತ ಹೆಚ್ಚು ದೂರ ಹೋಗುವುದನ್ನು ಯಾವ ಅಭ್ಯಾಸದ ಅಂಗಳದಲ್ಲಾದರೂ ಅರ್ಧ ಗಂಟೆ ನಿಂತು ನೋಡಬಹುದು. ನನ್ನ ನೆರೆಯವನು ಹೊಸ ಡ್ರೈವರ್ ಕೊಳ್ಳುವ ಯೋಚನೆಯಲ್ಲಿದ್ದ. ಆ ಹಣವನ್ನು ಮೈಸೂರಿನಲ್ಲಿ ಒಳ್ಳೆಯ ಗುರುವೊಬ್ಬರ ನಾಲ್ಕಾರು ಪಾಠಗಳಿಗೆ ವಿನಿಯೋಗಿಸೆಂದು ನಾನು ಹೇಳಿದ್ದೇನೆ. ಕೇಳುವನೋ ಇಲ್ಲವೋ, ಆ ವಯಸ್ಸಿನವರ ವಿಷಯದಲ್ಲಿ ಭರವಸೆ ಕೊಡಲಾಗದು.

ಒಂದೇ ಒಂದು ಸರಿಯಾದ ಸ್ವಿಂಗ್ ಇದೆಯೆಂದು ತಿಳಿಯುವುದೂ ಪ್ರಮಾದವೇ. ಬೆನ್ ಹೋಗನ್ ತಮ್ಮ 1957ರ ಪುಸ್ತಕದಲ್ಲಿ ಅಂಗಾಂಗಗಳ ನಿಯೋಜನೆಯನ್ನು ಶಾಸ್ತ್ರಗ್ರಂಥದ ಕ್ರಮದಲ್ಲಿ ವಿಧಿಸಿದರು; ಅದನ್ನು ಓದಿ ಲಕ್ಷಾಂತರ ಜನ ಕಲಿತದ್ದು ನಿಜ. ಆದರೆ ದಂಡವನ್ನು ಆಕಾಶಕ್ಕೆ ಕುಣಿಕೆ ಹಾಕುವಂತೆ ಎತ್ತಿ ಇಳಿಸುವ ಜಿಮ್ ಫ್ಯೂರಿಕ್ 2003ರ ಅಮೆರಿಕನ್ ಓಪನ್ನನ್ನು ಗೆದ್ದು, 2016ರಲ್ಲಿ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದರು. ನಮ್ಮ ದೇಶದಲ್ಲಂತೂ ಅನೇಕರು ಕಲಿತದ್ದು ಪುಸ್ತಕದಿಂದಲ್ಲ. ದೆಹಲಿಯ ಮೈದಾನದಲ್ಲಿ ಕ್ಯಾಡಿಯಾಗಿ ಇತರರ ಚೀಲ ಹೊತ್ತ ಅಲಿ ಶೇರ್ 1991ರಲ್ಲಿಯೂ 1993ರಲ್ಲಿಯೂ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಬಳಿಯ ಮೈದಾನದಲ್ಲಿ ಕ್ಯಾಡಿಯಾಗಿ ತೊಡಗಿದ ಚಿಕ್ಕರಂಗಪ್ಪ ದೇಶದ ವೃತ್ತಿಪರ ಪಂದ್ಯಾವಳಿಗಳಲ್ಲಿ ಹಲವು ಪ್ರಶಸ್ತಿಗಳನ್ನು ಪಡೆದರು. 1876ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು ಹುಟ್ಟಿದ ನಾಡು ನಮ್ಮದು; ಸದಸ್ಯರಾದವರು ಆಡಿದರು, ಚೀಲ ಹೊತ್ತವರು ನೋಡಿದರು. ಒಳ್ಳೆಯ ಹೊಡೆತವನ್ನೂ ಕೆಟ್ಟ ಹೊಡೆತವನ್ನೂ ದಿನವಿಡೀ ಹತ್ತಿರದಿಂದ ನೋಡುವುದೂ, ಬಿಡುವಿನಲ್ಲಿ ಒಂದು ಹಳೆಯ ದಂಡದಿಂದ ಅದನ್ನು ಅನುಕರಿಸುವುದೂ ಒಂದು ಶಿಕ್ಷಣಕ್ರಮವೇ. ಈ ದಿನ ಮೊಬೈಲಿನಲ್ಲಿ ಸಿಗುವ ಪಾಠಗಳಿಗೆ ಲೆಕ್ಕವಿಲ್ಲ. ಆದರೆ ಸೋಮವಾರ ಮೊಣಕೈಯನ್ನೂ ಮಂಗಳವಾರ ಮೊಣಕಾಲನ್ನೂ ತಿದ್ದಹೋಗಿ ಬುಧವಾರದ ಹೊತ್ತಿಗೆ ದಂಡ ಹಿಡಿಯುವುದನ್ನೇ ಮರೆತವರನ್ನು ನಾನು ಬಲ್ಲೆ. ಒಂದು ಕಾಲದಲ್ಲಿ ಒಂದೇ ತಿದ್ದುಪಡಿ, ಅದೂ ವಾರಗಟ್ಟಲೆ, ಎಂಬ ನಿಯಮ ಬಹಳ ಬೇಸರದ್ದು. ಬೇರೆ ದಾರಿ ಕಂಡುಬಂದಿಲ್ಲ.

ನೂಲ್ಪುಳದವರಿಗೆ ಈ ಬೇಸರ ಹೊಸದಾಗಬೇಕಿಲ್ಲ. ಬಿಲ್ಲು ಇಲ್ಲಿನ ಮುಳ್ಳುಕುರುಮರ ಪರಂಪರೆಯ ಆಯುಧ. ಪಳಶ್ಶಿರಾಜನು 1805ರಲ್ಲಿ ಮಡಿಯುವವರೆಗೂ ಇಂಗ್ಲಿಷರ ವಿರುದ್ಧ ನಡೆಸಿದ ಕಾಳಗಗಳಲ್ಲಿ ಕುರಿಚ್ಯರೂ ಕುರುಮರೂ ಬಿಲ್ಲು ಹಿಡಿದು ನಿಂತದ್ದು ಚರಿತ್ರೆ. ಬಿಲ್ಲುಗಾರನೂ ಗಾಲ್ಫ್ ಆಟಗಾರನೂ ಎದುರಾಳಿಯ ತಳ್ಳಾಟವಿಲ್ಲದೆ, ತನ್ನ ಕಾಲದಲ್ಲಿ, ನಿಶ್ಚಲವಾದ ಗುರಿಯನ್ನು ನೋಡುತ್ತ ಕ್ರಿಯೆಗೆ ತೊಡಗುವವರು. ಆದುದರಿಂದ ಸೋಲಿನ ಹೊಣೆಯನ್ನು ಇಬ್ಬರೂ ಇನ್ನೊಬ್ಬನ ಮೇಲೆ ಹಾಕುವಂತಿಲ್ಲ. ಊರಿನ ಹಿರಿಯ ಬಿಲ್ಲುಗಾರರೊಬ್ಬರು ನಮ್ಮ ತರುಣನ ಹೊಡೆತವನ್ನು ಸ್ವಲ್ಪ ಹೊತ್ತು ನೋಡಿ, ಚೆಂಡು ಹೋದ ಕಡೆಗೆ ತಿರುಗಿಯೂ ನೋಡದೆ, “ಮೋನೇ, ಮೊದಲು ಕಾಲು ನಿಲ್ಲಲಿ” ಎಂದು ಹೇಳಿ ಹೋದರು. ಗಾಲ್ಫಿನ ಹೆಸರನ್ನೂ ಸರಿಯಾಗಿ ಕೇಳದವರು ಅವರು. ದುಡ್ಡು ಪಡೆಯುವ ಗುರುವೂ ಮೊದಲ ಪಾಠದಲ್ಲಿ ಇದಕ್ಕಿಂತ ಹೆಚ್ಚಿಗೆ ಹೇಳುವುದಿಲ್ಲ.

ಕಡೆಯದಾಗಿ ಮೈದಾನದ ಮಾತು. ಆಟ ಕಲಿಯುವವರು ನಾಲ್ಕು ಜನರಾದೊಡನೆ, ಇಲ್ಲಿಯೂ ಒಂದು ಗಾಲ್ಫ್ ಮೈದಾನವಾದರೆ ಪ್ರವಾಸಿಗರೂ ಬರುವರು, ಹುಡುಗರಿಗೂ ಅನುಕೂಲವಾಗುವುದು ಎಂಬ ಮಾತು ಚಹಾದಂಗಡಿಗಳಲ್ಲಿ ಹುಟ್ಟಿಕೊಳ್ಳುತ್ತದೆ. ಹದಿನೆಂಟು ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ ನೂರಕ್ಕೂ ಮಿಗಿಲಾದ ಎಕರೆ ನೆಲವೂ, ಬೇಸಿಗೆಯಲ್ಲಿ ಆ ಹುಲ್ಲಿಗೆಲ್ಲ ನೀರೂ ಬೇಕು. ಮುತ್ತಂಗ ಮತ್ತು ಬಂಡೀಪುರಗಳ ನಡುವೆ ಆನೆಗಳು ಓಡಾಡುವ ನೆಲದಲ್ಲಿ, ಗದ್ದೆಗಳು ಒಂದೊಂದಾಗಿ ಬೇರೆ ಬೆಳೆಗೂ ಕಟ್ಟಡಕ್ಕೂ ಮಾರ್ಪಡುತ್ತಿರುವ ಜಿಲ್ಲೆಯಲ್ಲಿ, ಮೇಪ್ಪಾಡಿಯ ಮುಂಡಕ್ಕೈ ಮತ್ತು ಚೂರಲ್‌ಮಲೆಗಳನ್ನು 2024ರ ಜುಲೈ 30ರ ಭೂಕುಸಿತ ಕೊಚ್ಚಿಕೊಂಡು ಹೋದುದನ್ನು ಕಣ್ಣಾರೆ ಕಂಡವರ ನಡುವೆ, ಗುಡ್ಡ ಸಮಮಾಡುವ ಯೋಚನೆಯನ್ನು ಮಾಡುವುದೇ ಅವಿವೇಕ. ಸ್ವಿಂಗ್ ತಿದ್ದಿಕೊಳ್ಳುವುದಕ್ಕೆ ಅಷ್ಟೆಲ್ಲ ಬೇಡ ಎಂಬುದಕ್ಕಾಗಿಯೇ ಇಷ್ಟು ದೂರ ಬರೆದೆ. ಹತ್ತಡಿ ಅಗಲದ ಗಟ್ಟಿ ಬಲೆ, ಹೊಡೆಯಲು ಒಂದು ರಬ್ಬರಿನ ಚಾಪೆ, ನಿಲುವನ್ನು ನೋಡಿಕೊಳ್ಳಲು ಒಂದು ಕನ್ನಡಿ, ದೊಡ್ಡ ಕ್ಲಬ್ಬುಗಳ ಸದಸ್ಯರು ಮೂಲೆಗೆ ಹಾಕಿರುವ ಹಳೆಯ ಐರನ್ ದಂಡಗಳು ಕೆಲವು: ಇವಿಷ್ಟು ಒಂದು ಶಾಲೆಯ ಆವರಣದ ಒಂದು ಗೋಡೆಯ ಪಕ್ಕದಲ್ಲಿ ಹಿಡಿಸುತ್ತವೆ. ಮೈಸೂರು, ಬೆಂಗಳೂರುಗಳ ಕ್ಲಬ್ಬಿನವರು ತಮ್ಮ ಹಳೆಯ ದಂಡಗಳನ್ನೂ ವರ್ಷಕ್ಕೆ ಒಂದೆರಡು ವಾರ ಒಬ್ಬ ತರಬೇತುದಾರರನ್ನೂ ಗಡಿಯ ಈಚೆಯ ಇಂಥ ಒಂದೆರಡು ಶಾಲೆಗಳಿಗೆ ಕಳುಹಿಸಿಕೊಡಬೇಕು. ನೂಲ್ಪುಳದ ಪಂಚಾಯಿತಿಯವರು ಬಲೆಗೆ ಜಾಗವನ್ನು ಗೊತ್ತುಮಾಡಿಕೊಡಬೇಕು. ಬರುವ ತರಬೇತುದಾರರು ರಾತ್ರಿ ಒಂಬತ್ತಕ್ಕೆ ಮೊದಲು ಕಾಡಿನ ಗೇಟನ್ನು ದಾಟುವಂತೆ ಹೊರಡಲಿ.